ತೋಟದ ಟ್ರ್ಯಾಕ್ಟರಿನ ಐದನೆಯ ತೂತು

ಫೆಬ್ರವರಿ 30, 2188
ಎರೆಕೊಪ್ಪ, ಮಲಪ್ರಭೆಯ ದಂಡೆ

ಐದನೆಯ ತೂತು ಕೊರೆದವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಕ್ಕಿಲ್ಲ. ನಮ್ಮಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಯಲ್ಲಿ ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ಅವನ್ನು ಹೊರದಿನಗಳು ಎನ್ನುತ್ತೇವೆ. ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಪುಸ್ತಕಗಳಿಂದ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎಲ್ಲಾದರೂ ಬಿಗಿಯೆನಿಸಿದರೆ, ಯಾರದೋ ಪೆಟ್ಟಿಗೆಯ ಸೀರೆ ಉಟ್ಟುಕೊಂಡು ಬಂದವಳೆಂದು ತಿಳಿಯಿರಿ.

ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ನಿಮ್ಮ ಹತ್ತಿರ ಒಂದು ತೋಟದ ಟ್ರ್ಯಾಕ್ಟರು ಇತ್ತು, ಅದರ ಎಂಜಿನ್ ಸತ್ತಾಗ ನೀವು ಬೇರೊಂದನ್ನು ಕೂರಿಸಿದಿರಿ ಎಂಬುದಷ್ಟೇ ಗೊತ್ತು. ಆ ಟ್ರ್ಯಾಕ್ಟರು ಈಗ ನಮ್ಮ ಊರಿನಲ್ಲಿದೆ. ಅದರಲ್ಲಿ ನೀವು ಕೊರೆದ ಒಂದು ತೂತನ್ನು ಬಳಸಲು ನಮಗೆ ನಿಮ್ಮ ಒಪ್ಪಿಗೆ ಬೇಕಾಗಿದೆ. ನಾಳೆ ಬೆಳಿಗ್ಗೆಯೊಳಗೆ ಬೇಕಾಗಿದೆ. ಇದು ಎಂಥ ಮಾತು ಎಂದು ನಿಮಗೆ ಅನ್ನಿಸುವುದು ಸಹಜ. ಆದ್ದರಿಂದ ನಮ್ಮ ಬದುಕಿನ ರೀತಿಯನ್ನು ಸ್ವಲ್ಪ ಹೇಳಬೇಕು.

ಗುಡ್ಡ ಅಗೆದು ಹೊಸ ಕಬ್ಬಿಣ ತೆಗೆಯುವುದನ್ನು ನಿಲ್ಲಿಸಿ ಎಪ್ಪತ್ತು ವರ್ಷವಾಯಿತು. ಇರುವ ಕಬ್ಬಿಣವೇ ಸುತ್ತುತ್ತಿರುತ್ತದೆ. ಒಂದು ಮನೆಯ ಗೇಟು ಇನ್ನೊಂದು ಮನೆಯ ಗುದ್ದಲಿಯಾಗುತ್ತದೆ, ಗುದ್ದಲಿ ಸವೆದು ಬಾಗಿಲ ಚಿಲಕವಾಗುತ್ತದೆ. ನಿಂತುಹೋದ ಯಂತ್ರವನ್ನು ಮೂಲೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಎರಡು ಬಿತ್ತನೆಗಳ ತನಕ ಕಾಯುತ್ತೇವೆ. ಆಮೇಲೆ ಅದು ಊರ ಮುಂದೆ ತನ್ನ ಶಕ್ತಿಯಿಂದ ಮುನ್ನೂರು ಹೆಜ್ಜೆ ಮುಂದಕ್ಕೆ ನಡೆದು ತೋರಿಸಬೇಕು. ನಡೆದರೆ ಉಳಿಯುತ್ತದೆ, ಇಲ್ಲದಿದ್ದರೆ ಕುಲುಮೆಯ ಗಾಡಿ ಬಂದು ಒಯ್ಯುತ್ತದೆ. ಇದನ್ನು ನಡಿಗೆ ದಿನ ಎನ್ನುತ್ತೇವೆ. ಇನ್ನೊಂದು ನಿಯಮವೂ ಇದೆ. ಹಳೆಯ ಚಾಸಿಗೆ, ಅಂದರೆ ಯಂತ್ರದ ಕೆಳಚೌಕಟ್ಟಿಗೆ, ಯಾರೂ ಹೊಸ ತೂತು ಕೊರೆಯುವಂತಿಲ್ಲ. ಪ್ರತಿ ಕೈಯೂ ತನಗೆ ಬೇಕಾದಲ್ಲಿ ಕೊರೆಯುತ್ತ ಹೋದರೆ ಒಂದು ದಿನ ಅದು ಮುರಿಯುತ್ತದೆ, ಮೇಲೆ ಕುಳಿತವರ ಸಮೇತ. ಹಾಗೆ ಒಮ್ಮೆ ಆಗಿದೆ. ಅದಕ್ಕೇ ಈ ನಿಯಮದ ಬಗ್ಗೆ ನಮ್ಮಲ್ಲಿ ಯಾರೂ ವಾದ ಮಾಡುವುದಿಲ್ಲ.

ಟ್ರ್ಯಾಕ್ಟರನ್ನು ಓಡಿಸುವವಳು ದ್ಯಾಮವ್ವ. ನನ್ನ ಪಟ್ಟಿಯ ಪಕ್ಕದ್ದೇ ಅವಳ ಪಟ್ಟಿ. ಪಟ್ಟಿ ಎಂದರೆ ಊರು ಒಬ್ಬೊಬ್ಬರಿಗೆ ಕೊಡುವ ತೋಟದ ಪಾಲು. ಅದನ್ನು ನಾವೇ ಉಳಬೇಕು, ಕೈಯಿಂದಲಾದರೂ ಸರಿ, ನಾವೇ ನಡೆಸುವ ಯಂತ್ರದಿಂದಲಾದರೂ ಸರಿ. ದ್ಯಾಮವ್ವನ ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಮೂವತ್ತೊಂದು ವರ್ಷದಿಂದ ಅವಳು ಆ ಟ್ರ್ಯಾಕ್ಟರಿನ ಸೀಟಿನ ಮೇಲೆ ಕುಳಿತೇ ಉಳ್ಳಾಗಡ್ಡಿ, ಮೆಣಸಿನಕಾಯಿ, ಬದನೆ ಬೆಳೆದವಳು. ಯಂತ್ರ ಹೋದರೆ ಪಟ್ಟಿ ಹೋಗುತ್ತದೆ. ಪಟ್ಟಿ ಹೋದವರನ್ನು ಊರು ಕೂತವರ ಮನೆಗೆ ಕಳಿಸುತ್ತದೆ. ಅದೇನೂ ಕೆಟ್ಟ ಜಾಗವಲ್ಲ. ಬಿಸಿ ರೊಟ್ಟಿ, ಒಳ್ಳೆಯ ಹಾಸಿಗೆ, ಓದಿ ಹೇಳುವವರು ಎಲ್ಲ ಉಂಟು. ನಾನೇ ವಾರಕ್ಕೆರಡು ಸಲ ಹೋಗಿ ಹಳೆಯ ಪದ್ಯಗಳನ್ನು ಓದುತ್ತೇನೆ. ಹಾಗೆಂದು ದ್ಯಾಮವ್ವನಿಗೆ ಹೇಳಿದಾಗ ಅವಳು, "ಊಟ ಚಲೋ ಐತಿ, ಒಪ್ಪಿದೆ. ಆದ್ರ ಅಲ್ಲಿ ಮುಂಜಾನೆ ಎದ್ದು ಯಾರಿಗೆ ಬಯ್ಲಿ? ನನ್ನ ಉಳ್ಳಾಗಡ್ಡಿ ಬೈಸ್ಕೊಂಡಷ್ಟು ದಪ್ಪ ಆಗ್ತಾವು. ನಿನ್ನ ಪದ್ಯ ಆಗ್ತಾವೇನು?" ಎಂದಳು.

ಈಗ ಯಂತ್ರದ ಮಾತು. ಅದು ಸೊಂಟದ ಎತ್ತರಕ್ಕಿದೆ, ಮೆಣಸಿನ ಸಾಲುಗಳ ನಡುವೆ ಗಿಡಕ್ಕೆ ತಾಗದೆ ಹೋಗುವಷ್ಟು ಕಿರಿದು. ಮೇಲೆ ಹಸಿರು ಬಣ್ಣ, ಕೆಳಗೆ ಕೆಂಪು. ಹೆಸರಿನ ಫಲಕದಲ್ಲಿ ಇಸವಿಯ 20 ಎಂಬ ಎರಡು ಅಂಕಿ ಮಾತ್ರ ಕಾಣುತ್ತವೆ, ಮುಂದಿನ ಎರಡು ಸವೆದುಹೋಗಿವೆ. ಎಂಜಿನ್ ಕೂರುವ ಜಾಗದಲ್ಲಿ ನಾಲ್ಕು ತೂತುಗಳಿವೆ, ಯಂತ್ರದಿಂದ ಕೊರೆದವು, ನೇರವಾದವು. ಅವು ಕಂಪನಿಯವು. ಅವುಗಳಿಂದ ಎರಡು ಬೆರಳು ಮುಂದಕ್ಕೆ ಇನ್ನೂ ನಾಲ್ಕಿವೆ. ಅವು ಕೈಯಲ್ಲಿ ಹಿಡಿದ ಡ್ರಿಲ್ಲಿನವು. ಎರಡು ಸ್ವಲ್ಪ ಓರೆಯಾಗಿವೆ, ಒಂದನ್ನು ಅರದಿಂದ ಉಜ್ಜಿ ಉದ್ದ ಮಾಡಲಾಗಿದೆ. ಅವು ನಿಮ್ಮವು. ನಿಮ್ಮ ಎಂಜಿನ್ ಹೋದ ಮೇಲೆ ಯಾರೋ ಕಂಪನಿಯ ತೂತುಗಳ ಮೇಲೆ ಬ್ಯಾಟರಿಯ ಮೋಟರು ಕೂರಿಸಿದರು, ಅದೇ ನಮಗೆ ಬಂದದ್ದು. ಕಳೆದ ವರ್ಷ ಅದರ ಸುರುಳಿ ಸುಟ್ಟಿತು. ಅಂಥ ತಾಮ್ರದ ತಂತಿ ಈಗ ಸಿಗುವುದಿಲ್ಲ.

ಇವಲ್ಲದೆ ಇನ್ನೊಂದು ತೂತಿದೆ. ಚಾಸಿಯ ನಡುವೆ, ಎಂಜಿನ್ನಿಗೂ ಗೇರ್ ಪೆಟ್ಟಿಗೆಗೂ ಮಧ್ಯೆ, ಒಂಟಿಯಾಗಿ. ಅದಕ್ಕೆ ಜೊತೆಯಿಲ್ಲ. ಅಲ್ಲಿ ಏನನ್ನೂ ಕಟ್ಟಿಲ್ಲ. ಇದನ್ನೇ ನಾವು ನಿಮ್ಮ ಐದನೆಯ ತೂತು ಎನ್ನುವುದು.

ನಮ್ಮಲ್ಲಿ ತಗಡು ಕೊರೆಯುವಾಗ ಯಾರ ಕೈಯಾದರೂ ತಪ್ಪಿ ಬೇಡದ ಕಡೆ ತೂತು ಬಿದ್ದರೆ, ಅದು ನಾಚಿಕೆ ತೂತು. ಕೊರೆದವರು ಅದರೊಳಗೆ ಕೆಂಪು ದಾರ ಪೋಣಿಸಿ ಕಟ್ಟಬೇಕು, ಪ್ರತಿ ವರ್ಷ ಹೊರದಿನಗಳಲ್ಲಿ ಅದರ ಮೇಲೆ ಹೊಸ ದಾರ ಸುತ್ತಬೇಕು. ಶಿಕ್ಷೆಯೆಂದಲ್ಲ, ನಗುತ್ತಲೇ ಕಟ್ಟುತ್ತೇವೆ. ನನ್ನ ಹೆಸರಿನಲ್ಲೂ ಎರಡಿವೆ. ಆ ದಾರವನ್ನು ಕಟ್ಟಿದವರ ಹೊರತು ಯಾರೂ ಬಿಚ್ಚಬಾರದು. ಅವರಿಲ್ಲದಿದ್ದರೆ ಬೇರೆಯವರು ಸುತ್ತಬಹುದು, ಬಿಚ್ಚುವ ಹಾಗಿಲ್ಲ. ನಿಮ್ಮ ಒಂಟಿ ತೂತನ್ನು ನಮ್ಮ ಹಿರಿಯರು ನಾಚಿಕೆ ತೂತೆಂದು ಎಣಿಸಿದರು. ಅರವತ್ತು ವರ್ಷದಿಂದ ನಿಮ್ಮ ಪರವಾಗಿ ದಾರ ಸುತ್ತುತ್ತಿದ್ದೇವೆ. ಮೊದಲು ದ್ಯಾಮವ್ವನ ಅತ್ತೆ, ಆಮೇಲೆ ದ್ಯಾಮವ್ವ. ಈಗ ಅದು ನಿಂಬೆಹಣ್ಣಿನಷ್ಟು ದಪ್ಪಗೆ ಉಂಡೆಯಾಗಿದೆ. ಸುತ್ತುವಾಗಲೆಲ್ಲ ಅವಳು ನಿಮ್ಮ ಬಗ್ಗೆ ಒಂದು ಕತೆ ಕಟ್ಟುತ್ತಿದ್ದಳು. "ಈ ಪುಣ್ಯಾತ್ಮ ಅವತ್ತು ಮನಿಯಾಗ ಜಗಳಾ ಮಾಡಿ ಬಂದಿರಬೇಕು ನೋಡ. ಲಕ್ಷ್ಯ ಎಲ್ಲೋ, ಡ್ರಿಲ್ ಎಲ್ಲೋ." ನಾವೆಲ್ಲ ನಕ್ಕಿದ್ದೇವೆ. ಅದನ್ನೂ ಹೇಳಿಬಿಡುತ್ತೇನೆ.

ಹೊಸ ಎಂಜಿನ್ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಒಂದೇ ಸಿಲಿಂಡರಿನದು, ಹೊಂಗೆ ಎಣ್ಣೆಯಿಂದ ಓಡುತ್ತದೆ. ಗಿರಣಿಗೆ ದೊಡ್ಡದು ಬಂದ ಮೇಲೆ ಇದು ಖಾಲಿ ಕುಳಿತಿತ್ತು. ಕೂರಿಸಿದವಳು ಮಾಬೂಬಿ, ನಮ್ಮ ಊರಿನ ಫಿಟ್ಟರು. ಅರವತ್ತು ದಾಟಿದೆ, ಕೈ ನಿಧಾನ, ಬಾಯಿ ಚುರುಕು. ಒಣಗಿದ ಮುತ್ತುಗದೆಲೆಯ ಪತ್ರಾವಳಿಯನ್ನು ಚಾಸಿಯ ಮೇಲೆ ಒತ್ತಿ ತೂತುಗಳ ಗುರುತು ತೆಗೆದಳು. ಎಂಜಿನ್ನಿನ ಕಾಲುಗಳಿಗೆ ಕಂಪನಿಯ ತೂತುಗಳು ಕೂಡಲಿಲ್ಲ, ನಿಮ್ಮವು ಹೆಚ್ಚುಕಡಿಮೆ ಕೂಡಿದವು. ನಡುವೆ ಒಂದು ದಪ್ಪ ತಗಡು ಇಟ್ಟು, ಕೆಳಗಿನ ಬೋಲ್ಟುಗಳನ್ನು ನಿಮ್ಮ ತೂತುಗಳಿಗೆ, ಮೇಲಿನವನ್ನು ಎಂಜಿನ್ನಿನ ಕಾಲುಗಳಿಗೆ ಹಾಕಿದಳು. ಒಂದು ಸಿಲಿಂಡರಿನದು ಕುದುರೆಯಂತೆ ಒದೆಯುತ್ತದೆಂದು ನಾಲ್ಕೂ ಕಾಲಿನಡಿ ಹಳೆಯ ಟೈರಿನ ತುಂಡು ಹಾಸಿದಳು. ಎಂಜಿನ್ನಿನ ಮತ್ತು ಗೇರ್ ಪೆಟ್ಟಿಗೆಯ ಪುಲ್ಲಿಗಳ, ಅಂದರೆ ಬೆಲ್ಟು ಸುತ್ತುವ ಗಾಲಿಗಳ, ಮುಖಕ್ಕೆ ನೂಲು ಹಿಡಿದು ಎಳೆದು, ಒಂದು ಕೂದಲೆಳೆಯೂ ಓರೆಯಿಲ್ಲವೆಂದು ಕಂಡ ಮೇಲೆ ಬೆಲ್ಟು ಏರಿಸಿದಳು. ಹದಿನೆಂಟು ದಿನದ ಕೆಲಸ. ನೋಡಿದ ನನಗೆ ಪದ್ಯದ ಒಂದು ಸಾಲನ್ನು ಹದಿನೆಂಟು ಸಲ ತಿದ್ದಿದವರ ನೆನಪಾಯಿತು.

ಮೊನ್ನೆ ನಡಿಗೆ ದಿನ. ಈ ವರ್ಷ ಕಬ್ಬಿಣದ ಪಾಳಿ ಫಕೀರಪ್ಪನದು, ಅಂದರೆ ನಿಯಮ ನೋಡುವ ಕೆಲಸ ಅವನದು. ಮೆದು ಮನುಷ್ಯ, ಆದರೆ ನಿಯಮ ಬಿಡುವವನಲ್ಲ. ಊರೆಲ್ಲ ಎರಡು ಸಾಲಾಗಿ ನಿಂತಿತ್ತು. ಎಂಜಿನ್ ಒಂದೇ ಎಳೆತಕ್ಕೆ ಹತ್ತಿತು. ದ್ಯಾಮವ್ವ ಸೆರಗು ಬಿಗಿದು, ಮೊದಲ ಗೇರು ಹಾಕಿ, ಕ್ಲಚ್ಚು ಬಿಟ್ಟಳು. ಟ್ರ್ಯಾಕ್ಟರು ಹಿಂದಕ್ಕೆ ಹೊರಟಿತು.

ಎರಡನೆಯ ಗೇರಿಗೆ ಹಾಕಿದಳು, ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಮೂರನೆಯದಕ್ಕೆ ಹಾಕುವಷ್ಟರಲ್ಲಿ ಹಿಂದೆ ನಿಂತಿದ್ದವರು ಚದುರಿದ್ದರು. ಈ ಯಂತ್ರದಲ್ಲಿ ಹಿಂದಕ್ಕೆ ಹೋಗುವ ಗೇರಿನ ಹಲ್ಲುಗಳು ಅವಳ ಅತ್ತೆಯ ಕಾಲದಲ್ಲೇ ಉದುರಿವೆ. ಮೂವತ್ತೊಂದು ವರ್ಷದಲ್ಲಿ ಅದು ಒಮ್ಮೆಯೂ ಹಿಂದೆ ಸರಿದದ್ದಿಲ್ಲ, ಸಾಲಿನ ಕೊನೆಗೆ ಬಂದರೆ ದೊಡ್ಡ ಸುತ್ತು ಹಾಕಿಯೇ ತಿರುಗಬೇಕಿತ್ತು. ಆವತ್ತು ಒಂದೇ ಸಲ ಎಲ್ಲ ಬಾಕಿ ತೀರಿಸುವಂತೆ ಹಿಂದಕ್ಕೆ ಹೋಗಿ ಹುಣಸೆಮರಕ್ಕೆ ಒರಗಿ ನಿಂತಿತು.

"ಮಾಬೂಬಿ, ಹಿಂದಿಂದ ಬಿತ್ತಬೇಕೇನ ಇನ್ನ?" ಎಂದು ಯಾರೋ ಕೂಗಿದರು.

"ನಿನ್ನ ಮದವಿ ದಿನಾ ನೀನೂ ಹಿಂಗ ಹಿಂದಕ ಹೊಂಟಿದ್ದಿ. ಆಮ್ಯಾಲ ದಾರಿಗೆ ಬರಲಿಲ್ಲೇನ?" ಎಂದಳು ಮಾಬೂಬಿ. ಆದರೆ ಅವಳ ಮುಖ ಇಳಿದಿತ್ತು. ಗಿರಣಿಯ ಎಂಜಿನ್ ತಿರುಗುವುದು ಉಲ್ಟಾ ದಿಕ್ಕಿಗೆ. ಹದಿನೆಂಟು ದಿನದಲ್ಲಿ ಅದೊಂದನ್ನು ಅವಳು ನೋಡಿರಲಿಲ್ಲ. ಬ್ಯಾಟರಿಯ ಮೋಟರಾದರೆ ಎರಡು ತಂತಿ ಅದಲುಬದಲು ಮಾಡಿದರೆ ಸಾಕು. ಅವಳ ಜೀವಮಾನವೆಲ್ಲ ಅಂಥವನ್ನೇ ಕೂರಿಸಿದ್ದಾಳೆ. ಎಣ್ಣೆಯ ಎಂಜಿನ್ ತನಗೆ ತಿಳಿದ ಒಂದೇ ದಿಕ್ಕಿಗೆ ತಿರುಗುತ್ತದೆ.

ಫಕೀರಪ್ಪ ದ್ಯಾಮವ್ವನ ಹತ್ತಿರ ಬಂದು, "ಅಕ್ಕಾ, ಮುಂದಕ ಮುನ್ನೂರು ಅಂತ ಐತಿ. ನಾ ಏನ್ ಮಾಡ್ಲಿ ಹೇಳು. ಗಾಡಿ ಬರೂದು ಮೂರನೇ ದಿನಾ. ಅಲ್ಲೀತನಾ ನೋಡ್ರಿ" ಎಂದ. ಆ ಮೂರನೇ ದಿನ ನಾಳೆ.

ಎಂಜಿನ್ನನ್ನೇ ತಿರುಗಿಸಿ ಕೂರಿಸಿದರೆ ಪುಲ್ಲಿ ಇನ್ನೊಂದು ಮಗ್ಗುಲಿಗೆ ಹೋಗುತ್ತದೆ, ಮತ್ತೆ ನಾಲ್ಕು ಹೊಸ ತೂತು ಬೇಕು. ಅದು ಆಗದ ಮಾತು. ನಿನ್ನೆ ಊರ ಬಾಗಿಲ ಪಕ್ಕದ ಮಾಬೂಬಿಯ ಚಪ್ಪರಕ್ಕೆ ಟ್ರ್ಯಾಕ್ಟರನ್ನು ತಳ್ಳಿ ತಂದು, ಅವಳು, ದ್ಯಾಮವ್ವ, ನಾನು ಮೂವರೂ ಕುಳಿತಿದ್ದೆವು. ಮಾಬೂಬಿ ತನ್ನ ಎರಡು ಬಳೆ ತೆಗೆದು, ನಡುವೆ ದಾರ ಸುತ್ತಿ ತೋರಿಸಿದಳು. ದಾರ ನೇರವಾಗಿದ್ದರೆ ಎರಡೂ ಒಂದೇ ಕಡೆ ತಿರುಗುತ್ತವೆ. ನಡುವೆ ಒಮ್ಮೆ ಅಡ್ಡಹಾಯಿಸಿದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ.

"ಬೆಲ್ಟ್ ಹಿಂಗ ತಿರುವಿ ಹಾಕಿದ್ರ ಮುಂದಕ ಹೋಗ್ತೈತಿ, ಸುಳ್ಳಲ್ಲ. ಆದ್ರ ಅಡ್ಡಹಾಯೂ ಕಡೆ ಬೆಲ್ಟಿಗೆ ಬೆಲ್ಟ್ ತಿಕ್ಕಿ ಅರ್ಧಾ ತಾಸಿನಾಗ ಸುಟ್ಟ ಹೋಗ್ತೈತಿ. ನಡಬರಕ ಒಂದ ಸಣ್ಣ ಪುಲ್ಲಿ ಇಟ್ಟು ಎರಡೂ ತಾಗದಂಗ ಬಿಡಸಬೇಕು. ಅದಕ ಒಂದ ತೂತು ಬೇಕು, ದ್ಯಾಮಕ್ಕ. ಒಂದ ಒಂದು."

ದ್ಯಾಮವ್ವ ನೆಲಕ್ಕೆ ಜಾರಿ, ಕುಳಿತಲ್ಲೇ ಸರಿಯುತ್ತ ಚಾಸಿಯ ಕೆಳಗೆ ಹೋದಳು. ಮೇಲಿನಿಂದ ನೋಡುವ ನಮಗೆ ಆ ಜಾಗದಲ್ಲಿ ದಾರದ ಉಂಡೆಯಷ್ಟೇ ಕಾಣುತ್ತದೆ. ಕೆಳಗಿನಿಂದ ಯಾರೂ ನೋಡಿರಲಿಲ್ಲ. ಅವಳು ಕೆಳಗಿನಿಂದ ದಾರದ ಎಳೆಯ ಪಕ್ಕದಲ್ಲಿ ಕಿರುಬೆರಳು ತೂರಿಸಿ ತೂತಿನ ಅಂಚನ್ನು ಸವರಿದಳು. ಬಹಳ ಹೊತ್ತು ಸವರಿದಳು.

"ಮಾಬೂಬಿ, ಬಳಸದ ತೂತು ಸವಿತೈತೇನ?"

"ಹೆಂಗ ಸವಿತೈತಿ? ಒಳಗ ಏನರ ಆಡಿದ್ರ ಸವಿತೈತಿ."

"ಇದು ಒಂದ ಮಗ್ಗಲಾ ನುಣ್ಣಗ ಸವದೈತಿ. ಸುತ್ತ ವಾಷರಿನಷ್ಟು ಜಾಗಾದಾಗ ಬಣ್ಣ ಇಲ್ಲ."

ಮಾಬೂಬಿಯೂ ನಾನೂ ಮಲಗಿ ನೋಡಿದೆವು. ಹಾಗೆಯೇ ಇತ್ತು. ದುಂಡಗಿನ ಗುರುತು, ಅದರೊಳಗೆ ಬರಿಯ ಕಬ್ಬಿಣ, ಅಂಚಿನ ಒಂದು ಕಡೆ ಬೆರಳಿಗೆ ರೇಷ್ಮೆಯಂತೆ ತಾಗುವ ನುಣುಪು. ಅಲ್ಲಿ ವರ್ಷಗಟ್ಟಲೆ ಒಂದು ಬೋಲ್ಟು ಇತ್ತು. ಬೋಲ್ಟಿನ ಮೇಲೆ ಏನೋ ತಿರುಗುತ್ತಿತ್ತು. ಮಾಬೂಬಿ ಜಾಗ ಅಳೆದಳು. ಎರಡು ಪುಲ್ಲಿಗಳ ನಡುವೆ ಬೆಲ್ಟು ಅಡ್ಡಹಾಯಬೇಕಾದ ಜಾಗ ಅದೇ.

ಆಗ ನಮಗೆ ಗೊತ್ತಾಯಿತು. ನಿಮ್ಮ ಎಂಜಿನ್ನೂ ಉಲ್ಟಾ ತಿರುಗುತ್ತಿತ್ತು. ನೀವೂ ನೋಡದೆ ಕೂರಿಸಿದಿರಿ. ನಿಮ್ಮದೂ ಮೊದಲ ದಿನ ಹಿಂದಕ್ಕೆ ಹೋಗಿರಬೇಕು. ಆಮೇಲೆ ಯೋಚಿಸಿ, ಅಳೆದು, ಒಂದೇ ಒಂದು ತೂತು ಕೊರೆದು ಅದನ್ನು ಸರಿಮಾಡಿದಿರಿ. ನಿಮ್ಮ ಐದರಲ್ಲಿ ಎಲ್ಲಕ್ಕಿಂತ ನೇರವಾದದ್ದು ಅದೇ. ನಾವು ಅರವತ್ತು ವರ್ಷ ದಾರ ಸುತ್ತಿದ್ದು ನಿಮ್ಮ ತಪ್ಪಿಗಲ್ಲ, ನಿಮ್ಮ ತಿದ್ದುಪಡಿಗೆ. ಸುತ್ತಿ ಸುತ್ತಿ ಅದರ ಗುರುತನ್ನೂ ಮುಚ್ಚಿಬಿಟ್ಟಿದ್ದೆವು.

ದ್ಯಾಮವ್ವ ಕೆಳಗೇ ಮಲಗಿಕೊಂಡು, "ಯಾರರ ಇರ್ಲಿ, ಅವರಿಗೆ ನಾ ಭಾಳ ಅಂದೇನಿ" ಎಂದಳು.

ಬೋಲ್ಟು ಹಾಕಬೇಕಾದರೆ ದಾರ ಬಿಚ್ಚಬೇಕು. ಫಕೀರಪ್ಪನನ್ನು ಕರೆಸಿದೆವು. ಅವನೂ ಮಲಗಿ ನೋಡಿದ, ಎದ್ದು ಅಂಗಿ ಜಾಡಿಸಿದ. "ತೂತು ಹಳೇದು, ಬಳಸಾಕ ಅಡ್ಡಿ ಇಲ್ಲ. ಆದ್ರ ದಾರ ಅವರದು. ಅವರ ಒಪ್ಪಿಗೆ ಇಲ್ಲದ ನಾ ಹೆಂಗ ಬಿಚ್ಚ ಅನ್ಲಿ?"

"ಅವರು ಸತ್ತು ನೂರು ವರ್ಷ ಮ್ಯಾಲಾತೋ, ಫಕೀರಾ" ಎಂದಳು ಮಾಬೂಬಿ.

"ಸತ್ತವರ್ನ ಕೇಳಬಾರದು ಅಂತ ಎಲ್ಲೂ ಇಲ್ಲಲ್ಲ ಅಕ್ಕಾ. ಕೇಳೂನು. ಬರದು ಕೇಳೂನು. ಒಂದ ರಾತ್ರಿ ಉತ್ತರಕ್ಕ ಬಿಡೂನು." ಅವನು ಹಾಸ್ಯ ಮಾಡುತ್ತಿರಲಿಲ್ಲ. ನನ್ನ ಕಡೆ ತಿರುಗಿ, "ನೀವು ಹಳೇ ಕನ್ನಡ ಓದಿದವರು, ನೀವ ಬರೀರಿ" ಎಂದ.

ಅದಕ್ಕೇ ಈ ಪತ್ರ. ಉತ್ತರ ಹೇಗೆ ಬರಬೇಕೆಂಬುದನ್ನೂ ಅವನೇ ಯೋಚಿಸಿದ್ದಾನೆ, ನನಗದು ಸರಿಯೆನಿಸಿತು. ನಿಮಗೆ ಒಪ್ಪಿಗೆಯಿಲ್ಲದಿದ್ದರೆ, ನೀವು ಇರುವ ಕಾಲದಲ್ಲಿ ಆ ತೂತನ್ನು ಬೆಸುಗೆ ಹಾಕಿ ಮುಚ್ಚಿಬಿಡಿ. ನೀವು ಅಲ್ಲಿ ಮುಚ್ಚಿದರೆ ಇಲ್ಲಿಯೂ ಮುಚ್ಚಿರುತ್ತದೆ. ಒಪ್ಪಿಗೆಯಿದ್ದರೆ ಏನೂ ಮಾಡಬೇಕಾಗಿಲ್ಲ. ನಿಮಗೆ ಅರವತ್ತು ವರ್ಷದ ನಗೆಯ ಸಿಟ್ಟು ಇರಬಹುದು, ಇದ್ದರೆ ಅದು ನ್ಯಾಯವೇ. ಆದರೂ ದ್ಯಾಮವ್ವನ ಪಟ್ಟಿಯಲ್ಲಿ ಮೆಣಸಿನ ಅಗೆ ನಾಟಿಗೆ ಬಂದು ನಿಂತಿದೆ, ಅದನ್ನೂ ನೋಡಿ ನಿರ್ಧರಿಸಿ ಎಂದು ಕೇಳಿಕೊಳ್ಳುತ್ತೇನೆ. ಈಗ ಬಿಸಿಲು ಇಳಿಯುತ್ತಿದೆ. ಪತ್ರವನ್ನು ಎಣ್ಣೆಯ ಖಾಲಿ ಡಬ್ಬಿಯಲ್ಲಿಟ್ಟು ಸೀಟಿನ ಕೆಳಗೆ ಇಡುತ್ತೇನೆ. ಹಿಂದಕ್ಕೆ ಹೋಗುವ ದಾರಿ ಬೇರಾವುದೂ ನಮಗೆ ಗೊತ್ತಿಲ್ಲ. ಈ ಟ್ರ್ಯಾಕ್ಟರಿಗಾದರೂ ಈಚೆಗೆ ಗೊತ್ತಾಗಿದೆ.

ಮಾರ್ಚ್ 1

ಬೆಳಿಗ್ಗೆ ನಾಲ್ವರೂ ಟ್ರ್ಯಾಕ್ಟರಿನ ಬಳಿ ಹೋದೆವು. ಕುಲುಮೆಯ ಗಾಡಿ ಊರ ಬಾಗಿಲಲ್ಲಿ ನಿಂತಿತ್ತು, ಅದರ ಎತ್ತುಗಳು ಮೇವು ತಿನ್ನುತ್ತಿದ್ದವು. ಫಕೀರಪ್ಪ ಚಾಸಿಯ ಕೆಳಗೆ ಮಲಗಿ, ಬೆರಳು ತೂರಿಸಿ ನೋಡಿದ. ಎದ್ದು ಹೇಳಿದ: "ತೆರದೈತಿ."

ದಾರವನ್ನು ದ್ಯಾಮವ್ವನೇ ಕತ್ತರಿಸಿದಳು. ಮೇಲಿನ ಸುತ್ತುಗಳು ಅವಳವು, ಒಳಗಿನವು ಅವಳ ಅತ್ತೆಯವು, ಬಣ್ಣ ಹೋಗಿ ಮಣ್ಣಿನಂತಾಗಿದ್ದವು. ಉಂಡೆಯನ್ನು ಎಸೆಯಲಿಲ್ಲ, ಸೀಟಿನ ಕೆಳಗಿನ ಡಬ್ಬಿಯಲ್ಲಿ ಈ ಪತ್ರದ ಪಕ್ಕದಲ್ಲಿ ಇಟ್ಟಳು. ಈ ಸಾಲುಗಳನ್ನು ಸೇರಿಸಲು ಪತ್ರವನ್ನು ಹೊರತೆಗೆದುಕೊಂಡಿದ್ದೇನೆ, ಸಂಜೆ ಮತ್ತೆ ಅಲ್ಲೇ ಇಡುತ್ತೇನೆ. ಮಾಬೂಬಿಯ ಬೋಲ್ಟು ಅರದ ಕೆಲಸವಿಲ್ಲದೆ, ಬಡಿಯದೆ, ತಾನಾಗಿ ಒಳಗೆ ಹೋಯಿತು. ನೀವು ಹಾಕಿದ್ದೂ ಅದೇ ಅಳತೆಯದ್ದಿರಬೇಕು. ಸಣ್ಣ ಪುಲ್ಲಿ ಕೂತಿತು, ಬೆಲ್ಟು ಅಡ್ಡಹಾಯ್ದಿತು, ಒಂದಕ್ಕೊಂದು ತಾಗಲಿಲ್ಲ.

ಟ್ರ್ಯಾಕ್ಟರು ಮುಂದಕ್ಕೆ ನಡೆಯಿತು. ಫಕೀರಪ್ಪ ಪಕ್ಕದಲ್ಲೇ ಎಣಿಸುತ್ತ ಹೋದ. ಇನ್ನೂರ ಹತ್ತರ ಹತ್ತಿರ ಅವನಿಗೆ ಲೆಕ್ಕ ತಪ್ಪಿತು, ಮೊದಲಿನಿಂದ ಶುರುಮಾಡಬೇಕೆಂದು ಕೈಯೆತ್ತಿದ. ದ್ಯಾಮವ್ವ ನಿಲ್ಲಿಸಲಿಲ್ಲ. "ಎಣಸೂದ ಬಿಡೋ, ಓಡಿ ಹೋಗಿ ಪಟ್ಟಿ ಬಾಗಲಾ ತಗಿ" ಎಂದಳು. ಅವನು ಓಡಿದ. ಊರ ಬಾಗಿಲಿನಿಂದ ಅವಳ ಪಟ್ಟಿಗೆ ಎಂಟುನೂರು ಹೆಜ್ಜೆಯಾದರೂ ಇದೆ. ಈಗ ನಾನು ಬರೆಯುತ್ತಿರುವಲ್ಲಿಗೆ ಅವಳು ಬಯ್ಯುವುದು ಕೇಳಿಸುತ್ತಿದೆ, ಉಳ್ಳಾಗಡ್ಡಿಗೋ ಎಂಜಿನ್ನಿಗೋ ತಿಳಿಯುತ್ತಿಲ್ಲ.

ನೀವು ಆ ತೂತನ್ನು ಕೊರೆಯುವ ದಿನ ನಿಮಗಿನ್ನೂ ಬಂದಿರದಿದ್ದರೆ ಒಂದು ಮಾತು. ಮೊದಲ ಸಲ ಅದು ಹಿಂದಕ್ಕೆ ಹೋಗುತ್ತದೆ. ಬೇಲಿಯ ಆಚೆ ಯಾರೋ ನಗುತ್ತಾರೆ. ಹಾಳಾಗಿ ಹೋಗಲಿ ಎಂದು ಗುಜರಿಗೆ ಹಾಕುವ ಮನಸ್ಸಾಗುತ್ತದೆ. ಹಾಕಬೇಡಿ. ಎರಡು ಪುಲ್ಲಿಗಳ ನಡುವೆ ಅಳೆಯಿರಿ, ಡ್ರಿಲ್ಲನ್ನು ನೆಟ್ಟಗೆ ಹಿಡಿಯಿರಿ. ಮುಂದೆ ಎಂದಾದರೂ ಪುಲ್ಲಿ ಬಿಚ್ಚಿದರೆ, ತೂತನ್ನು ಹಾಗೆಯೇ ಬಿಡಿ. ನೀವು ಹಾಗೆ ಬಿಟ್ಟಿರಿ ಎಂದು ನಮಗೆ ಗೊತ್ತು. ಇವತ್ತು ಬೆಳಿಗ್ಗೆ ನೋಡಿದೆವು.

ಇಂತಿ,
ಪಕ್ಕದ ಪಟ್ಟಿಯವಳು
ಪಾರಿಜಾತಾ